ಹರಿದ ಬೂಟು ಮತ್ತು ಅಪ್ಪನ ಆಲ್ಟೊ

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೀದೆ. ಆಫೀಸು, ರಿಲೀಸು, ರಾತ್ರಿ ಹತ್ತಕ್ಕೆ ಕಾಲ್ ಇರತ್ತೆ ಅಂತ ಎಲ್ಲರೂ ಹೇಳೋ ನೆಪಗಳನ್ನೇ ನಾನೂ ಹೇಳಬಹುದು. ನಿಜ ಹೇಳಬೇಕು ಅಂದ್ರೆ ಸೋಮಾರಿತನ, ಅಷ್ಟೇ. ಆದರೆ ಈ ಸಲ ಊರಿಗೆ ಹೋಗಿ ಬಂದ ಮೇಲೆ ಒಂದು ವಿಷಯ ಬರೀಲೇಬೇಕು ಅನ್ನಿಸ್ತು. ವಿಷಯ ಬೂಟಿನದ್ದು. ಕಾಲಿಗೆ ಹಾಕೋ ಬೂಟಲ್ಲ, ಕಾರಿಗೆ ಹಾಕೋ ಬೂಟು.

ನಮ್ಮೂರು ತೀರ್ಥಹಳ್ಳಿ ಹತ್ತಿರ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದು ರಿಟೈರ್ ಆದವರು. ನಮ್ಮನೇಲಿ ಒಂದು ಆಲ್ಟೊ ಇದೆ. 2011ರಲ್ಲಿ ಅಪ್ಪ ಸೊಸೈಟಿ ಸಾಲ ಮಾಡಿ ತಗೊಂಡಿದ್ದು, ಕೆಎ-14 ನಂಬರು, ಬೆಳ್ಳಿ ಬಣ್ಣ. ಈಗ ಅದು ಬೆಳ್ಳಿ ಬಣ್ಣ ಅಂತ ನಂಬೋಕೆ ಸ್ವಲ್ಪ ಕಷ್ಟ ಪಡಬೇಕು. ನಾನು ಡ್ರೈವಿಂಗ್ ಕಲಿತಿದ್ದು ಅದರಲ್ಲೇ, ಮನೆ ಗೇಟಿಗೆ ಮೊದಲ ಸಲ ಗುದ್ದಿದ್ದೂ ಅದರಲ್ಲೇ. ಕೆಲಸಕ್ಕೆ ಸೇರಿ ಎರಡು ವರ್ಷ ಆದಮೇಲಿಂದ ನಾನು ಪ್ರತೀ ಸಲ ಊರಿಗೆ ಹೋದಾಗಲೂ "ಅಪ್ಪ, ಈ ಕಾರು ಮಾರಿಬಿಡಿ, ಬೇಕಾದಾಗ ಟ್ಯಾಕ್ಸಿ ಮಾಡ್ಕೊಳ್ಳಿ, ದುಡ್ಡು ನಾನು ಕೊಡ್ತೀನಿ" ಅನ್ನೋದು, ಅಪ್ಪ ಪೇಪರ್ ಓದ್ತಾ "ಹ್ಞೂಂ" ಅನ್ನೋದು... ಇದು ನಮ್ಮನೆಯ ಒಂದು ಪದ್ಧತಿ ಆಗಿಬಿಟ್ಟಿದೆ.

ಮೇ ತಿಂಗಳಲ್ಲಿ ಒಂದು ಲಾಂಗ್ ವೀಕೆಂಡ್ ಸಿಕ್ತು ಅಂತ ರಾತ್ರಿ ಬಸ್ಸು ಹತ್ತಿ ಊರಿಗೆ ಹೋದೆ. ಬೆಳಗ್ಗೆ ಐದೂವರೆಗೆ ಅಪ್ಪ ಬಸ್ ಸ್ಟ್ಯಾಂಡಿಗೆ ಕಾರು ತಂದಿದ್ರು. ಬ್ಯಾಗು ಡಿಕ್ಕಿಗೆ ಹಾಕಿ ಕೂತೆ. ಅಪ್ಪ ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಕಾರು ಹೊರಡಿಸಿದ್ರು ನೋಡಿ, "ಟಕ್ ಟಕ್ ಟಕ್ ಟಕ್" ಅಂತ ಶಬ್ದ. ಸ್ಟೇರಿಂಗ್ ನೇರ ಆದ ತಕ್ಷಣ ನಿಂತೋಯ್ತು. 

"ಅದೆಂತ ಶಬ್ದ ಅಪ್ಪ?"

"ಯಾವುದು?" ಅಂದ ಅಪ್ಪ ರೇಡಿಯೋ ವಾಲ್ಯೂಮ್ ಜಾಸ್ತಿ ಮಾಡಿದ್ರು.

ಮನೆ ರಸ್ತೆಗೆ ತಿರುಗುವಾಗ ಮತ್ತೆ ಟಕ್ ಟಕ್ ಟಕ್. ಈ ಸಲ ಸಂಸ್ಕೃತ ವಾರ್ತೆಯೂ ಅದನ್ನ ಮುಚ್ಚಿಡೋಕಾಗ್ಲಿಲ್ಲ. "ಹಳೇ ಗಾಡಿ ಮಾರಾಯ, ಆಗೀಗ ಮಾತಾಡ್ತದೆ" ಅಂದ್ರು ಅಪ್ಪ.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡ್ಕೋಬೇಕು. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಮಾಡ್ತಿರೋದು ಸಾಫ್ಟ್‌ವೇರ್ ಕೆಲಸ. (ನಮ್ಮ ಕ್ಲಾಸಲ್ಲಿ ಮುಕ್ಕಾಲು ಪಾಲು ಜನರ ಕಥೆ ಇದೇ, ಹಾಗಾಗಿ ನನಗೊಬ್ಬನಿಗೇ ನಾಚಿಕೆ ಆಗಬೇಕಿಲ್ಲ.) ಹಿಂದಿನ ದೀಪಾವಳಿಗೆ ಊರಿಗೆ ಹೋದಾಗ ಎಡಗಡೆ ಮುಂದಿನ ಚಕ್ರ ಪಂಚರ್ ಆಗಿ ನಾನೇ ಸ್ಟೆಪ್ನಿ ಹಾಕಿದ್ದೆ. ಚಕ್ರ ಬಿಚ್ಚಿದಾಗ ಒಳಗಡೆ ರಿಮ್ಮಿಗೆ, ಪಕ್ಕದ ಸಸ್ಪೆನ್ಷನ್ನಿಗೆಲ್ಲ ಕಪ್ಪಗೆ, ದಪ್ಪಗೆ ಜಿಡ್ಡು ಸಿಡಿದು ಮೆತ್ಕೊಂಡಿತ್ತು. ಬೆರಳಲ್ಲಿ ಮುಟ್ಟಿ ನೋಡಿದೆ, ಗ್ರೀಸು. ಮೊಬೈಲಲ್ಲಿ ಒಂದು ಫೋಟೋ ತೆಗೆದೆ, ಆಮೇಲೆ ಹುಡುಕಿ ನೋಡೋಣ ಅಂತ. ಕೈ ತೊಳ್ಕೊಂಡು ಒಳಗೆ ಹೋದೆ, ಅಮ್ಮ ಹೋಳಿಗೆ ಬಡಿಸಿದ್ಲು, ಅಲ್ಲಿಗೆ ಮರೆತೇ ಹೋಯ್ತು. ಬೆಂಗಳೂರಿಗೆ ಬಂದಮೇಲೆ ಆ ಫೋಟೋ ಒಂದೆರಡು ಸಲ ಕಣ್ಣಿಗೆ ಬಿದ್ದಿತ್ತು. ಏನೋ ಸರಿಯಿಲ್ಲ ಅಂತ ಗೊತ್ತಿತ್ತು. ಫೋನ್ ಮಾಡಿ ಅಪ್ಪನಿಗೆ ಹೇಳ್ಲಿಲ್ಲ. ಹೇಳಿದ್ರೆ ಮತ್ತೆ ಕಾರಿನ ವಿಷಯಕ್ಕೆ ಚರ್ಚೆ ಶುರುವಾಗತ್ತೆ, ಮುಂದಿನ ಸರ್ವೀಸಲ್ಲಿ ಅವರೇ ನೋಡ್ಕೋತಾರೆ ಅಂತ ಬಿಟ್ಟೆ.

ಈಗ ಮೇ ತಿಂಗಳಲ್ಲಿ ಆ ಟಕ್ ಟಕ್ ಕೇಳಿದಾಗ, ಆ ಫೋಟೋಕ್ಕೂ ಈ ಶಬ್ದಕ್ಕೂ ಇರೋ ಸಂಬಂಧ ಥಟ್ಟಂತ ಹೊಳೀತು. ಕಾಫಿ ಕುಡಿದು, ಟಾರ್ಚ್ ಹಿಡ್ಕೊಂಡು, ಸ್ಟೇರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿಟ್ಟು, ಅಂಗಳದಲ್ಲಿ ಮಲಗಿ ಚಕ್ರದ ಹಿಂದೆ ನೋಡಿದೆ. ಮುಂದಿನ ಚಕ್ರಕ್ಕೆ ಗೇರ್ ಬಾಕ್ಸಿಂದ ಒಂದು ಕಬ್ಬಿಣದ ರಾಡು ಬರತ್ತಲ್ಲ, ಅದೇ ಆಕ್ಸಲ್ಲು. ಅದು ಚಕ್ರಕ್ಕೆ ಸೇರೋ ಜಾಗದಲ್ಲಿ ಹಾರ್ಮೋನಿಯಮ್ಮಿನ ತಿದಿ ಥರ ಮಡಿಕೆ ಮಡಿಕೆ ಇರೋ ರಬ್ಬರಿನ ಟೋಪಿ ಇರತ್ತೆ. ಅದಕ್ಕೆ ಬೂಟ್ ಅಂತಾರೆ. ನಮ್ಮದರಲ್ಲಿ ಒಂದು ಮಡಿಕೆ ಉದ್ದಕ್ಕೆ ಸೀಳಿ, ಬಾಯಿ ತೆಗೆದು ನಗ್ತಾ ಇತ್ತು.

ಒಳಗೆ ಬಂದು "ಬೂಟು ಹರಿದು ಹೋಗಿದೆ" ಅಂದೆ.

ಅಮ್ಮ ಅಡಿಗೆಮನೆಯಿಂದಲೇ "ನಿಮ್ಮಪ್ಪನಿಗೆ ಬೂಟೆಲ್ಲಿತ್ತಾ? ಮದುವೆ ಆದಾಗಿಂದ ಚಪ್ಪಲಿ ಬಿಟ್ಟು ಬೇರೆ ಹಾಕಿದ್ದು ನಾ ಕಾಣ್ಲಿಲ್ಲ" ಅಂದ್ಲು.

"ಕಾರಿಂದು ಅಮ್ಮ."

"ಕಾರಿಗೆ ಬೂಟಾ?!" ಅಂತ ಅಮ್ಮ. "ಹರಿದ್ರೆ ಹೊಲಿಸು ಹಂಗಾರೆ" ಅಂತ ಅಪ್ಪ.

ಇಬ್ಬರಿಗೂ ವಿವರಿಸೋಕೆ ಹೋಗಿ, ನಾನು ಕಾಲೇಜಲ್ಲಿ ಓದಿದ್ದೆಲ್ಲ ಮತ್ತೆ ನೆನಪಿಸ್ಕೋಬೇಕಾಯ್ತು. ನಿಮಗೂ ಸ್ವಲ್ಪ ಹೇಳ್ತೀನಿ, ಬೋರ್ ಆದ್ರೆ ಎರಡು ಪ್ಯಾರಾ ಹಾರಿಸಿ.

ಹಳೇ ಅಂಬಾಸಿಡರ್, ಫಿಯಟ್ ಕಾರುಗಳಲ್ಲಿ ಎಂಜಿನ್ ಶಕ್ತಿ ಹೋಗ್ತಿದ್ದಿದ್ದು ಹಿಂದಿನ ಚಕ್ರಕ್ಕೆ. ಮುಂದಿನ ಚಕ್ರದ ಕೆಲಸ ಬರೀ ತಿರುಗೋದು. ಮಾರುತಿ 800ರಿಂದ ಹಿಡಿದು ಆಲ್ಟೊ, ಇಂಡಿಕಾ ಥರದ ಕಾರುಗಳಲ್ಲಿ ಹಾಗಲ್ಲ. ಗಾಡಿನ ಎಳೆಯೋದೂ ಮುಂದಿನ ಚಕ್ರವೇ, ದಾರಿಗೆ ತಕ್ಕಂತೆ ತಿರುಗೋದೂ ಅದೇ, ಗುಂಡಿಗೆ ಬಿದ್ದಾಗ ಮೇಲೆ ಕೆಳಗೆ ಹಾರೋದೂ ಅದೇ. ಅಂದರೆ ಒಂದು ರಾಡು ಗರಗರ ಸುತ್ತುತ್ತಾ ಇರಬೇಕು, ಅದೇ ಹೊತ್ತಿಗೆ ನಡುವಲ್ಲಿ ಬಗ್ಗಲೂ ಬೇಕು. ಜೀಪು, ಲಾರಿಗಳ ಅಡಿಗೆ ಉದ್ದದ ಶಾಫ್ಟಲ್ಲಿ 'ಕ್ರಾಸ್' ಅಂತ ಒಂದು ಇರತ್ತಲ್ಲ, ಪುಸ್ತಕದಲ್ಲಿ ಅದಕ್ಕೆ ಹುಕ್ಸ್ ಜಾಯಿಂಟ್ ಅಂತಾರೆ. ಅದೂ ಬಗ್ಗತ್ತೆ. ಆದ್ರೆ ಅದರದ್ದೊಂದು ತೊಂದರೆ ಏನಪ್ಪಾ ಅಂದ್ರೆ, ಬಗ್ಗಿದಾಗ ವೇಗ ಸಮ ಇರಲ್ಲ. 30 ಡಿಗ್ರಿ ಬಗ್ಗಿಸಿದ್ರೆ, ಈ ಕಡೆ 100ರ ವೇಗದಲ್ಲಿ ಸಮವಾಗಿ ಸುತ್ತಿದ್ರೂ ಆ ಕಡೆ ಒಂದೊಂದು ಸುತ್ತಿಗೂ ಎರಡೆರಡು ಸಲ ಸುಮಾರು 87ಕ್ಕೆ ಇಳಿದು 115ಕ್ಕೆ ಏರತ್ತೆ. ಅದನ್ನ ತಿರುಗೋ ಚಕ್ರಕ್ಕೆ ಹಾಕಿದ್ರೆ ಪ್ರತೀ ತಿರುವಲ್ಲೂ ಸ್ಟೇರಿಂಗ್ ಕೈಯಲ್ಲಿ ಒದ್ದಾಡತ್ತೆ.

ಇದಕ್ಕೆ ಪರಿಹಾರ ಸಿ.ವಿ. ಜಾಯಿಂಟು, ಅಂದರೆ ಬಗ್ಗಿದಾಗಲೂ ವೇಗ ಬದಲಾಗದ ಕೀಲು. ಫೋರ್ಡ್ ಕಂಪನಿಯ ಇಂಜಿನಿಯರ್ ಆಲ್ಫ್ರೆಡ್ ರೆಪ್ಪಾ ಅನ್ನೋರು 1920ರ ದಶಕದಲ್ಲಿ ಮಾಡಿದ ವಿನ್ಯಾಸವೇ ಇವತ್ತಿಗೂ ನಮ್ಮ ಬಹುತೇಕ ಕಾರುಗಳ ಚಕ್ರದ ಕಡೆಯ ಕೀಲಲ್ಲಿರೋದು. 1959ರಲ್ಲಿ ಬಂದ ಬ್ರಿಟಿಷರ ಪುಟಾಣಿ ಮಿನಿ ಕಾರಲ್ಲಿ ಇದೇ ಜಾತಿಯ ಕೀಲು ಇತ್ತು. ಆಮೇಲೆ ಸಣ್ಣ ಕಾರುಗಳಲ್ಲೆಲ್ಲ ಇದೇ ರೂಢಿ ಆಯ್ತು. ಒಂದು ಕಬ್ಬಿಣದ ಬಟ್ಟಲು, ಅದರೊಳಗೆ ಒಂದು ಗುಂಡಗಿನ ತಿರುಳು, ಎರಡರಲ್ಲೂ ಕೊರೆದ ಹಳ್ಳಗಳು, ಹಳ್ಳಗಳಲ್ಲಿ ಆರು ಉಕ್ಕಿನ ಗುಂಡು, ಗುಂಡುಗಳನ್ನ ಹಿಡ್ಕೊಳ್ಳೋಕೆ ಒಂದು ಪಂಜರ. ಎಷ್ಟೇ ಬಗ್ಗಿಸಿ, ಆ ಆರೂ ಗುಂಡು ಯಾವಾಗಲೂ ಎರಡು ಶಾಫ್ಟುಗಳ ನಡುವಿನ ಕೋನವನ್ನ ಸರಿ ಅರ್ಧ ಮಾಡೋ ಜಾಗಕ್ಕೇ ಬಂದು ನಿಲ್ತಾವೆ. ಅದಕ್ಕೇ ಈ ಕಡೆ ಎಷ್ಟು ವೇಗವೋ ಆ ಕಡೆಗೂ ಅಷ್ಟೇ. ಇದರ ಚಿತ್ರ ಬರೆದು ನಾನು ಪರೀಕ್ಷೇಲಿ ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ನಿಜವಾದದ್ದನ್ನ ಕೈಯಲ್ಲಿ ಹಿಡಿದು ನೋಡಿರ್ಲಿಲ್ಲ ಅಷ್ಟೇ :-)

ಈ ಗುಂಡುಗಳೆಲ್ಲ ಮಾಲಿಬ್ಡಿನಮ್ ಬೆರೆಸಿದ ಕಪ್ಪು ಗ್ರೀಸಲ್ಲಿ ಮುಳುಗಿರಬೇಕು. ಆ ಗ್ರೀಸು ಹೊರಗೆ ಹೋಗದ ಹಾಗೆ, ಹೊರಗಿನ ಮಣ್ಣು ನೀರು ಒಳಗೆ ಬಾರದ ಹಾಗೆ ಕಾಯೋದು ಬೂಟು. ಅದು ಹರೀತು ಅಂದ್ರೆ ಚಕ್ರ ಸುತ್ತೋ ರಭಸಕ್ಕೆ ಗ್ರೀಸೆಲ್ಲ ಹೊರಗೆ ಸಿಡಿಯತ್ತೆ (ನನ್ನ ದೀಪಾವಳಿ ಫೋಟೋ!), ಮಣ್ಣು ಒಳಗೆ ಹೋಗತ್ತೆ. ಆಮೇಲೆ ಉಕ್ಕಿಗೆ ಉಕ್ಕು ಉಜ್ಜಿ ಹಳ್ಳಗಳಲ್ಲಿ ತಗ್ಗು ಬೀಳತ್ತೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಗುಂಡು ಆ ತಗ್ಗು ದಾಟುವಾಗ ಬರೋ ಸದ್ದೇ ಟಕ್ ಟಕ್.

ಬೆಳಗ್ಗೆ ಹತ್ತಕ್ಕೆ ಶಿವಮೊಗ್ಗದ ಒಂದು ದೊಡ್ಡ ಸರ್ವೀಸ್ ಸೆಂಟರಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ ತುಂಬಾ ಮರ್ಯಾದೆಯಿಂದ, ಆಕ್ಸಲ್ ಪೂರ್ತಿ ಬದಲಾಯಿಸಬೇಕು ಸಾರ್, ಎರಡೂ ಕಡೆ ಒಟ್ಟಿಗೇ ಮಾಡಿಸೋದು ಒಳ್ಳೇದು, ಲೇಬರ್ ಸೇರಿ 16 ಸಾವಿರದ ಮೇಲೆ ಆಗತ್ತೆ ಅಂದ. ನಾನು ಅಪ್ಪನ ಮುಖ ನೋಡಿದೆ. ಇನ್ನು ಸ್ವಲ್ಪ ದಿನಕ್ಕೇ ಹದಿನೈದು ವರ್ಷ ತುಂಬತ್ತೆ, ಆರ್‌ಸಿ ರಿನ್ಯೂ ಮಾಡಿಸ್ಬೇಕು, ಅದಕ್ಕೆ ಬೇರೆ ಖರ್ಚು. ಇಂಥ ಕಾರಿಗೆ 16 ಸಾವಿರ ಹಾಕೋದಾ? ನನ್ನ ಬಾಯಿಗೆ "ಅದಕ್ಕೇ ಹೇಳಿದ್ದು, ಮಾರಿಬಿಡಿ" ಅನ್ನೋ ಮಾತು ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅಪ್ಪ ಎದ್ದು ಅಂಗಿ ಹಾಕ್ಕೊಂಡು "ನಡಿ, ಭಾಯಿ ಹತ್ರ ಹೋಗಿ ಬರೋಣ" ಅಂದ್ರು.

ಭಾಯಿ ಅಂದರೆ ನಮ್ಮೂರ ಕಡೆಯ ಗ್ಯಾರೇಜಿನವರು. ವಯಸ್ಸು ಅಪ್ಪನಷ್ಟೇ ಇರಬಹುದು. ಅವರ ಮಗ ಅಪ್ಪನ ಹತ್ರ ಗಣಿತ ಕಲ್ತವನು. ಹಲಸಿನ ಮರದ ಕೆಳಗೆ ತಗಡು ಹೊದೆಸಿದ ಶೆಡ್ಡು, ಅದೇ ಗ್ಯಾರೇಜು. ಭಾಯಿ ಕಾರು ನೋಡೋಕೂ ಎದ್ದು ಬರ್ಲಿಲ್ಲ. ಅಪ್ಪ ಗೇಟಲ್ಲಿ ಕಾರು ತಿರುಗಿಸಿ ಒಳಗೆ ತಂದಿದ್ದು ಕೇಳಿಯೇ "ಮೇಷ್ಟ್ರೇ, ಎಡಗಡೆ ಜಾಯಿಂಟ್ ಹೋಗಿದೆ" ಅಂದ್ರು. ಬಲಕ್ಕೆ ತಿರುಗಿಸಿದಾಗ ಸದ್ದು ಜಾಸ್ತಿ ಬಂದ್ರೆ, ಭಾರ ಬೀಳೋದು ಎಡಗಡೆ ಚಕ್ರದ ಮೇಲೆ, ಹಾಗಾಗಿ ಸಾಮಾನ್ಯವಾಗಿ ತೊಂದರೆ ಇರೋದೂ ಎಡಗಡೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನಾನು ಟಾರ್ಚ್ ಹಿಡಿದು ಅಂಗಳದಲ್ಲಿ ಉರುಳಾಡಿ ಕಂಡು ಹಿಡಿದಿದ್ದನ್ನ ಅವರು ಚಾ ಕುಡೀತಾ ಹೇಳಿದ್ರು.

ನಾನು ಸುಮ್ಮನಿರಲಾರದೆ "ಬೂಟ್ ಮಾತ್ರ ಹಾಕಿ ಹೊಸ ಗ್ರೀಸ್ ತುಂಬಿದ್ರೆ ಆಗಲ್ವಾ ಭಾಯಿ?" ಅಂದೆ.

"ಸದ್ದು ಬರೋದಕ್ಕೆ ಮುಂಚೆ ಬಂದಿದ್ರೆ ಆಗ್ತಿತ್ತು ತಮ್ಮಾ. ಗ್ರೀಸ್ ಸಿಡಿಯೋದು ಕಂಡ ಕೂಡಲೇ ಬಂದಿದ್ರೆ ಸಾವಿರ ರೂಪಾಯಿ ಒಳಗೆ ಮುಗೀತಿತ್ತು. ಈಗ ಸದ್ದು ಶುರುವಾಗಿದೆ. ಈಗ ಹೊಸ ಬೂಟ್ ಹಾಕಿದ್ರೆ ಸತ್ತವನಿಗೆ ಹೊಸ ಅಂಗಿ ಹಾಕಿದ ಹಾಗೆ."

ಗ್ರೀಸ್ ಸಿಡಿಯೋದು ಕಂಡ ಕೂಡಲೇ... ನಾನು ಮೊಬೈಲ್ ಇದ್ದ ಜೇಬು ಮುಟ್ಟಿ ನೋಡ್ಕೊಂಡೆ.

ಭಾಯಿ ಹೇಳಿದ ದಾರಿಗಳು ನಾಲ್ಕು. ಬೂಟ್ ಮಾತ್ರ ಹಾಕೋದು, ಅದು ಈಗ ದಂಡ. ಗುಜರಿಯಿಂದ ಹಳೇ ಆಕ್ಸಲ್ ತರೋದು. ಅದು ಅಗ್ಗ, ಆದ್ರೆ ಅದರೊಳಗಿನ ಜಾಯಿಂಟು ಎಷ್ಟು ಸವೆದಿದೆ ಅಂತ ಹೊರಗಿಂದ ಗೊತ್ತಾಗಲ್ಲ. ಪೂರ್ತಿ ಹೊಸ ಆಕ್ಸಲ್ ಹಾಕೋದು, ಅದು ದುಬಾರಿ. ನಾಲ್ಕನೇದು, ಚಕ್ರದ ಕಡೆಯ ಜಾಯಿಂಟು ಒಂದೇ ಹೊಸತು ಹಾಕೋದು. ಜೊತೆಗೆ ಬೂಟು, ಗ್ರೀಸು, ಕ್ಲಿಪ್ಪು ಎಲ್ಲ ಕಿಟ್ಟಲ್ಲೇ ಬರತ್ತೆ. ಶಾಫ್ಟು ಮತ್ತು ಗೇರ್ ಬಾಕ್ಸ್ ಕಡೆಯ ಜಾಯಿಂಟು ಚೆನ್ನಾಗಿದ್ರೆ ಇದೇ ಸರಿ, ಬಿಚ್ಚಿ ನೋಡಿ ಹೇಳ್ತೀನಿ ಅಂದ್ರು. ಸರ್ವೀಸ್ ಸೆಂಟರಿನ ಹುಡುಗ ಹೇಳಿದ್ದು ಸುಳ್ಳಲ್ಲ, ಅವರಲ್ಲಿ ಬಿಚ್ಚಿ ಕೂರೋಕೆ ಪುರುಸೊತ್ತಿಲ್ಲ, ಪೂರ್ತಿ ಬದಲಾಯಿಸೋದೇ ಸುಲಭ ಅಂತಲೂ ಅವರೇ ಹೇಳಿದ್ರು. ಆ ಮಾತು ನನಗೆ ಇಷ್ಟ ಆಯ್ತು.

ಕಿಟ್ ಶಿವಮೊಗ್ಗದಿಂದ ಬಸ್ಸಲ್ಲಿ ಬಂತು. ಮಾರನೇ ದಿನ ಬೆಳಗ್ಗೆ ಕೆಲಸ ಶುರು. ನಾನೂ ಹಳೇ ಪ್ಯಾಂಟ್ ಹಾಕ್ಕೊಂಡು ಹೋಗಿದ್ದೆ, ಹೆಲ್ಪರ್ ಆಗಿ.

ಮೊದಲು ಚಕ್ರ ನೆಲದ ಮೇಲಿರುವಾಗಲೇ ನಡುವಿನ ದೊಡ್ಡ ನಟ್ಟು ಸಡಿಲ ಮಾಡಬೇಕು. ಅದರ ಅಂಚನ್ನ ಶಾಫ್ಟಿನ ಗಾಡಿಗೆ ಚಾಣದಿಂದ ಹೊಡೆದು ಬಗ್ಗಿಸಿರ್ತಾರೆ, ತಾನಾಗೇ ಬಿಚ್ಚಿಕೊಳ್ಳಬಾರದು ಅಂತ. ಅದನ್ನ ಎಬ್ಬಿಸಿ, ನನ್ನನ್ನ ಒಳಗೆ ಕೂರಿಸಿ ಬ್ರೇಕ್ ಒತ್ತಿಸಿ, ಪಾನಕ್ಕೆ ನಾಲ್ಕಡಿ ಪೈಪ್ ಸಿಕ್ಕಿಸಿ ಭಾಯಿ ಮತ್ತು ಅವರ ಹುಡುಗ ಇಬ್ಬರೂ ನೇತಾಡಿದ ಮೇಲೆ "ಕಟ್" ಅಂತ ಬಿಡ್ತು. ಆಮೇಲೆ ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಟ್ಟು (ಬರೀ ಜಾಕ್ ನಂಬಿ ಅಡಿಗೆ ತಲೆ ಹಾಕಬೇಡಿ ದಯವಿಟ್ಟು) ಚಕ್ರ ತೆಗೆದ್ರು. ಕೆಳಗಿನ ಲೋವರ್ ಆರ್ಮಿನ ಬೋಲ್ಟು ಮಲೆನಾಡಿನ ಮಳೆಗೆ ತುಕ್ಕು ಹಿಡಿದು ಕೂತಿತ್ತು. ಅದಕ್ಕೊಂದಕ್ಕೇ ಮುಕ್ಕಾಲು ಗಂಟೆ. ಅದು ಬಿಟ್ಟ ಮೇಲೆ ಚಕ್ರದ ಕಡೆಯ ಭಾಗವನ್ನ ಹೊರಗೆ ಎಳೆದು, ಶಾಫ್ಟನ್ನ ಹಬ್ಬಿಂದ ಹಿಂದಕ್ಕೆ ತಳ್ಳಿದ್ರು. ತುದಿಗೆ ಸುತ್ತಿಗೇಲಿ ನೇರ ಹೊಡೆದ್ರೆ ಥ್ರೆಡ್ ಹಾಳಾಗತ್ತೆ ಅಂತ ಹಳೇ ನಟ್ಟನ್ನ ತುದಿಗೆ ಸಮವಾಗಿ ಹಾಕಿ ಅದರ ಮೇಲೆ ಹೊಡೆದ್ರು. ಇನ್ನೊಂದು ತುದಿಯನ್ನ ಗೇರ್ ಬಾಕ್ಸಿಂದ ಮೀಟಿ ತೆಗೀವಾಗ ಗೇರ್ ಆಯಿಲ್ ಸುರಿಯತ್ತೆ, ಅದಕ್ಕೊಂದು ಹಳೇ ಬೋಗುಣಿ ಇಟ್ಟಿದ್ರು.

ಆಕ್ಸಲ್ ಹೊರಗೆ ಬಂತು. ಭಾಯಿ ಬೂಟ್ ಕತ್ತರಿಸಿ, ಜಾಯಿಂಟಿನ ತಿರುಳಿಗೆ ಏಟು ಕೊಟ್ಟು ಅದನ್ನ ಶಾಫ್ಟಿಂದ ಬೇರೆ ಮಾಡಿ, ಸೀಮೆಎಣ್ಣೆಯಲ್ಲಿ ಅದ್ದಿ ನನ್ನ ಕೈಗೆ ಕೊಟ್ರು. "ನೋಡಿ ಇಂಜಿನಿಯರೇ" ಅಂದ್ರು. ಒಳಗೆ ಗ್ರೀಸ್ ಅನ್ನೋದೇ ಇರ್ಲಿಲ್ಲ. ಕೆಂಪು ಮಣ್ಣು, ತುಕ್ಕು ನೀರು, ಮರಳು ಸೇರಿ ಅರೆದ ಹಾಗಿತ್ತು. ಗುಂಡುಗಳ ಮೇಲೆ ಸಿಡುಬಿನ ಕಲೆ ಥರ ಚುಕ್ಕಿ. ಹಳ್ಳಗಳಲ್ಲಿ ಉಗುರು ಸಿಕ್ಕಿಕೊಳ್ಳೋ ಅಷ್ಟು ತಗ್ಗು. ಪಂಜರದ ಒಂದು ಕಿಟಕಿಯ ಮೂಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು.

ಭಾಯಿ ಆ ಬಿರುಕನ್ನೇ ಸ್ವಲ್ಪ ಹೊತ್ತು ನೋಡಿ "ಮೇಷ್ಟ್ರೇ, ಇದರಲ್ಲಿ ಘಾಟಿ ಇಳಿದಿದ್ರಾ?" ಅಂತ ಕೇಳಿದ್ರು.

ಅಪ್ಪ ಮಾತಾಡ್ಲಿಲ್ಲ.

ಇದನ್ನ ನಿಮಗೆ ಹೇಳಬೇಕು. ಅಮ್ಮನಿಗೆ ಶುಗರ್ ಇದೆ. ಹಿಂದಿನ ವರ್ಷ ಅದು ಕಣ್ಣಿನ ರೆಟಿನಾಕ್ಕೆ ಬಂತು. ಡಿಸೆಂಬರಿಂದ ತಿಂಗಳಿಗೊಂದರ ಹಾಗೆ ಮಣಿಪಾಲದಲ್ಲಿ ಕಣ್ಣಿಗೆ ಇಂಜೆಕ್ಷನ್. ತೀರ್ಥಹಳ್ಳಿಯಿಂದ ಮಣಿಪಾಲ ತೊಂಬತ್ತು ಕಿಲೋಮೀಟರ್ ಹತ್ತಿರ, ನಡುವೆ ಆಗುಂಬೆ ಘಾಟಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯೋಕೆ ಹದಿನಾಲ್ಕು ಹೇರ್‌ಪಿನ್ ತಿರುವು. ಪ್ರತೀ ತಿರುವಲ್ಲೂ ಸ್ಟೇರಿಂಗ್ ಪೂರ್ತಿ ತಿರುಗಿಸಬೇಕು, ಹತ್ತುವಾಗ ಅಷ್ಟೂ ಭಾರ ಆ ಕೀಲುಗಳ ಮೇಲೇ. ಅಂದರೆ ಸವೆದ ಸಿ.ವಿ. ಜಾಯಿಂಟನ್ನ ಪರೀಕ್ಷೆ ಮಾಡೋಕೆ ಯಾರಾದ್ರೂ ಬೇಕಂತಲೇ ರಸ್ತೆ ಮಾಡಿದ್ರೆ ಅದು ಆಗುಂಬೆ ಘಾಟಿ ಥರಾನೇ ಇರತ್ತೆ. ಡಿಸೆಂಬರಿಂದ ಏಪ್ರಿಲ್‌ವರೆಗೆ ಐದು ಸಲ ಹೋಗಿ ಬಂದಿದ್ರು. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಹೋಗ್ತಾ ಹದಿನಾಲ್ಕು, ಬರ್ತಾ ಹದಿನಾಲ್ಕು, ಐದು ಸಲ. 140 ತಿರುವು. ಬರುವಾಗ ಸಂಜೆ ಕತ್ತಲು, ಅಮ್ಮನ ಕಣ್ಣಿಗೆ ಪಟ್ಟಿ, ಕಾರಲ್ಲಿ ಇಬ್ಬರೇ.

"ಇದು ಒಡೆದ್ರೆ ಏನಾಗತ್ತೆ ಭಾಯಿ?" ಅಂತ ಕೇಳಿದೆ, ಉತ್ತರ ಗೊತ್ತಿದ್ರೂ. ಒಂದು ಕಡೆಯ ಕೀಲು ಒಡೆದ್ರೆ ಎಂಜಿನ್ನಿನ ಶಕ್ತಿಯೆಲ್ಲ ಡಿಫರೆನ್ಷಿಯಲ್ ಮೂಲಕ ಒಡೆದ ಕಡೆಗೇ ಹೋಗಿ ವ್ಯರ್ಥ ಸುತ್ತತ್ತೆ. ಹತ್ತುವಾಗ ಆದ್ರೆ ಗಾಡಿ ಅಲ್ಲೇ ನಿಂತು ಹಿಂದಕ್ಕೆ ಜಾರೋಕೆ ಶುರು ಮಾಡತ್ತೆ. ಇಳಿಯುವಾಗ ಆದ್ರೆ, ಸೆಕೆಂಡ್ ಗೇರಲ್ಲಿ ಎಂಜಿನ್ ಹಿಡ್ಕೊಂಡಿದ್ದ ಬಿಗಿ ಒಂದೇ ಸಲ ಬಿಟ್ಟೋಗತ್ತೆ. ಆಮೇಲೆ ಕಾಲಡಿಯ ಬ್ರೇಕ್ ಮಾತ್ರ. ಬ್ರೇಕ್ ಇರತ್ತೆ, ಅದು ಬೇರೆ. ಆದ್ರೆ ಹೇರ್‌ಪಿನ್ ನಡುವೆ ಇದ್ದಕ್ಕಿದ್ದ ಹಾಗೆ ಗಾಡಿ ಹಗುರ ಆದ್ರೆ, ಅರವತ್ತು ದಾಟಿದವರು ಗಾಬರಿಯಾಗದೆ ಹಿಡೀಬೇಕು.

ಭಾಯಿ ಅಷ್ಟೆಲ್ಲ ಹೇಳ್ಲಿಲ್ಲ. "ಆಗ್ಲಿಲ್ಲ ಅಲ್ವಾ, ಬಿಡಿ" ಅಂದು ಹುಡುಗನಿಗೆ ಚಾ ತರೋಕೆ ಕಳಿಸಿದ್ರು.

ಹಲಸಿನ ಮರದ ಕೆಳಗೆ ಕಲ್ಲಿನ ಮೇಲೆ ಅಪ್ಪ ಕೂತಿದ್ರು. ನಾನೂ ಹೋಗಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದ್ರು.

"ಶಿವರಾತ್ರಿ ಹೊತ್ತಿಂದ ಸದ್ದು ಬರ್ತಿತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳಿದ್ರೆ ನೀ ಕಾರು ಮಾರಿ ಅಂತಿದ್ದೆ."

ನನಗೆ ಸಿಟ್ಟು ಬರಬೇಕಿತ್ತು, ಬರ್ಲಿಲ್ಲ. ಅಪ್ಪ ಮುಂದುವರಿಸಿ "ನಿಮ್ಮಮ್ಮನ್ನ ಟ್ಯಾಕ್ಸೀಲಿ ಕರ್ಕೊಂಡು ಹೋಗಬೌದು, ಇಲ್ಲ ಅಂತಲ್ಲ. ಆದ್ರೆ ಅವಳಿಗೆ ಅರ್ಧ ದಾರೀಲಿ ವಾಂತಿ ಬರತ್ತೆ, ಹತ್ತು ಕಡೆ ನಿಲ್ಲಿಸ್ಬೇಕು. ಟ್ಯಾಕ್ಸಿಯವರ ಮುಖ ನೋಡಿ ಅವಳು ನಿಲ್ಲಿಸಿ ಅಂತ ಕೇಳೋದೇ ಇಲ್ಲ ಮಾರಾಯ, ತಡ್ಕೊಂಡು ಕೂತಿರ್ತಾಳೆ. ನಮ್ಮದೇ ಗಾಡಿ ಆದ್ರೆ ಹಾಗಲ್ಲ" ಅಂದ್ರು.

ಇದು ನನಗೆ ಗೊತ್ತೇ ಇರ್ಲಿಲ್ಲ. ದುಡ್ಡು ಕಳಿಸ್ತೀನಿ, ಟ್ಯಾಕ್ಸಿ ಮಾಡ್ಕೊಳ್ಳಿ ಅಂತ ಬೆಂಗಳೂರಿಂದ ಹೇಳೋದು ಸುಲಭ. ನಾನು ಒಂದು ಸಲವೂ ರಜೆ ಹಾಕಿ ಅವರ ಜೊತೆ ಮಣಿಪಾಲಕ್ಕೆ ಹೋಗಿರ್ಲಿಲ್ಲ.

ಮೊಬೈಲ್ ತೆಗೆದು ದೀಪಾವಳಿಯ ಫೋಟೋ ಹುಡುಕಿ ಅಪ್ಪನ ಕೈಗೆ ಕೊಟ್ಟೆ. ಅಪ್ಪ ಕನ್ನಡಕ ಸರಿ ಮಾಡ್ಕೊಂಡು, ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದ್ರು. ಕೆಳಗಿದ್ದ ತಾರೀಖನ್ನೂ ನೋಡಿದ್ರು.

"ಓ. ನೀ ಆಗ್ಲೇ ಕಂಡಿದ್ಯಾ" ಅಂದ್ರು.

"ಹ್ಞೂಂ. ಹೇಳ್ಲಿಲ್ಲ."

ಅಪ್ಪ ಮೊಬೈಲ್ ವಾಪಸ್ ಕೊಟ್ರು. ಬೈಯ್ಲಿಲ್ಲ. ಬೈದಿದ್ರೆ ವಾಸಿ ಇತ್ತು.

ಮಧ್ಯಾಹ್ನ ಜೋಡಿಸೋ ಕೆಲಸ. ಇಲ್ಲಿ ಒಂದು ತಮಾಷೆ. ಶಾಫ್ಟು ಸ್ವಚ್ಛ ಮಾಡಿ, ಹೊಸ ಜಾಯಿಂಟು ಕೈಗೆತ್ತಿಕೊಂಡು ಹುಡುಗ ಹಾಕೋಕೆ ಹೊರಟ. ಭಾಯಿ ತಲೆ ಮೇಲೊಂದು ಮೊಟಕಿ "ಬೂಟ್ ಯಾರು ಹಾಕ್ತಾರೆ, ನಿನ್ನಜ್ಜನಾ?" ಅಂದ್ರು. ಮೊದಲು ಕ್ಲಿಪ್ಪು, ಆಮೇಲೆ ಬೂಟು, ಕೊನೇಲಿ ಜಾಯಿಂಟು. ಜಾಯಿಂಟ್ ಒಮ್ಮೆ ಕೂತರೆ ಬೂಟ್ ಹಾಕೋಕೆ ದಾರಿಯಿಲ್ಲ, ಮತ್ತೆ ಬಿಚ್ಚಬೇಕು. ಕಿಟ್ಟಲ್ಲಿ ಬಂದ ಗ್ರೀಸನ್ನ ಪೂರ್ತಿ ಹಾಕ್ಬೇಕು, ಸ್ವಲ್ಪ ಗುಂಡುಗಳ ನಡುವೆ ಒತ್ತಿ, ಉಳಿದಿದ್ದು ಬೂಟಿನೊಳಗೆ. ಅಂಗಡಿಯಲ್ಲಿ ಸಿಗೋ ಸಾದಾ ಗ್ರೀಸ್ ಹಾಕಬಾರದು. ಕೊನೆಗೆ ಸಣ್ಣ ಕ್ಲಿಪ್ ಬಿಗಿಯೋ ಮೊದಲು ಬೂಟಿನ ಬಾಯಿಗೆ ಸ್ಕ್ರೂಡ್ರೈವರ್ ತುದಿ ಹಾಕಿ ಒಳಗಿನ ಗಾಳಿ ಬಿಟ್ರು, ಇಲ್ಲಾಂದ್ರೆ ಬೂಟ್ ಉಬ್ಬಿಯೋ ಚಪ್ಪಟೆಯಾಗಿಯೋ ನಿಂತು ಬೇಗ ಹರಿಯತ್ತೆ. ಹೊಸ ಹಬ್ ನಟ್ಟು ಹಾಕಿ (ಹಳೇದನ್ನ ಮತ್ತೆ ಹಾಕಬಾರದು), ಟಾರ್ಕ್ ರೆಂಚಲ್ಲಿ ಬಿಗಿದು, ಅಂಚು ಬಗ್ಗಿಸಿದ್ರು. ಹಲಸಿನ ಮರದ ಕೆಳಗಿನ ಗ್ಯಾರೇಜಲ್ಲಿ ಟಾರ್ಕ್ ರೆಂಚ್ ಇರತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ. ನನ್ನ ಮುಖ ನೋಡಿ ಭಾಯಿ ನಕ್ಕರು.

ಬಲಗಡೆ ಬೂಟು ಹರಿದಿರ್ಲಿಲ್ಲ, ಆದ್ರೆ ಮಡಿಕೆಗಳಲ್ಲಿ ಸಣ್ಣ ಸಣ್ಣ ಬಿರುಕು ಬಂದಿತ್ತು. ಸದ್ದಿಲ್ಲ, ಗ್ರೀಸು ಸ್ವಚ್ಛವಾಗಿದೆ, ಹಾಗಾಗಿ ಆ ಕಡೆ ಬರೀ ಬೂಟ್ ಬದಲಾಯಿಸಿದ್ರು. ಒಂದೇ ಕಾರಲ್ಲಿ, ಒಂದೇ ದಿನ, ಸರಿಯಾದ ಹೊತ್ತಿಗೆ ಮಾಡಿದ್ದು ಬಲಗಡೆ, ತಡ ಮಾಡಿದ್ದು ಎಡಗಡೆ. ಬಿಲ್ಲು ಹೀಗಿತ್ತು: ಜಾಯಿಂಟ್ ಕಿಟ್ 2,400, ಬಲಗಡೆ ಬೂಟ್ ಕಿಟ್ 380, ಗೇರ್ ಆಯಿಲ್ 400, ಎರಡು ಹಬ್ ನಟ್ 120, ಕೂಲಿ 1,200. ಒಟ್ಟು 4,500 ರೂಪಾಯಿ. ನಾನು ಕೊಡೋಕೆ ಹೋದೆ, ಅಪ್ಪ ಬಿಡ್ಲಿಲ್ಲ.

ಟ್ರಯಲ್ ನೋಡೋಕೆ ಅಪ್ಪ ಹಳೇ ಹೈಸ್ಕೂಲ್ ಮೈದಾನಕ್ಕೆ ಕರ್ಕೊಂಡು ಹೋದ್ರು. ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ನಿಧಾನಕ್ಕೆ ಸುತ್ತು ಹೊಡೆದ್ರು, ಆಮೇಲೆ ಎಡಕ್ಕೆ. ರೇಡಿಯೋ ಆಫ್ ಮಾಡಿ ಇಬ್ಬರೂ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ್ವಿ. ಏನೂ ಇಲ್ಲ. ಕ್ರಿಕೆಟ್ ಆಡ್ತಿದ್ದ ಹುಡುಗರು ಆಟ ನಿಲ್ಲಿಸಿ ಈ ಇಬ್ಬರು ಹುಚ್ಚರನ್ನ ನೋಡ್ತಾ ನಿಂತಿದ್ರು.

ಮನೆಗೆ ಬರ್ತಾ ಒಂದು ಒಪ್ಪಂದ ಆಯ್ತು. ಕಾರಲ್ಲಿ ಏನೇ ಹೊಸ ಸದ್ದು ಬಂದ್ರೂ ಅಪ್ಪ ಅವತ್ತೇ ಫೋನ್ ಮಾಡಬೇಕು. ಅವರು ಫೋನ್ ಮಾಡಿದಾಗ ನಾನು 'ಮಾರಿ' ಅನ್ನೋ ಶಬ್ದ ಬಾಯಿಗೆ ತರಬಾರದು. ಅಮ್ಮ ಸಾಕ್ಷಿ. ಇನ್ನು ಮಣಿಪಾಲಕ್ಕೆ ಎರಡು ಸಲಕ್ಕೊಮ್ಮೆಯಾದ್ರೂ ನಾನೇ ಬಂದು ಕಾರು ಓಡಿಸೋದು ಅಂತಲೂ ಆಯ್ತು, ಇದನ್ನ ನಾನೇ ಸೇರಿಸಿದ್ದು. ಆರ್‌ಸಿ ರಿನ್ಯೂವಲ್ ವಿಷಯ ಬಂದಾಗ ಏನ್ಮಾಡೋದು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.

ನಿಮ್ಮ ಕಾರೂ ಮುಂದಿನ ಚಕ್ರ ಎಳೆಯೋ ಜಾತೀದಾದ್ರೆ, ಈ ಭಾನುವಾರ ಒಂದು ಐದು ನಿಮಿಷ ಕೊಡಿ. ಸ್ಟೇರಿಂಗ್ ಒಂದು ಕಡೆ ಪೂರ್ತಿ ತಿರುಗಿಸಿಟ್ಟು ಎಂಜಿನ್ ಆಫ್ ಮಾಡಿ, ಚಕ್ರದ ಹಿಂದೆ ಟಾರ್ಚ್ ಬಿಟ್ಟು ನೋಡಿ. ಬೂಟಿನ ಮಡಿಕೆಗಳಲ್ಲಿ ಸೀಳು ಇದೆಯಾ, ರಿಮ್ಮಿನ ಒಳಗೆ ಕಪ್ಪು ಜಿಡ್ಡು ಸಿಡಿದಿದೆಯಾ ಅಂತ. ಇನ್ನೊಂದು ಚಕ್ರಕ್ಕೂ ಹಾಗೇ ಮಾಡಿ. ಜಿಡ್ಡು ಕಂಡು ಸದ್ದಿಲ್ಲದಿದ್ರೆ ನಿಮ್ಮ ಅದೃಷ್ಟ, ಕೂಡಲೇ ಬೂಟ್ ಬದಲಾಯಿಸಿ, ಸಣ್ಣ ಖರ್ಚಲ್ಲಿ ಮುಗಿಯತ್ತೆ. ಸದ್ದು ಬಂದಿದ್ರೆ ಬರೀ ಬೂಟಿಗೆ ದುಡ್ಡು ಹಾಕಬೇಡಿ. ನಮ್ಮ ಹಾಗೆ ಫೋಟೋ ತೆಗೆದು ಇಟ್ಕೊಂಡ್ರೆ ಏನೂ ಉಪಯೋಗ ಇಲ್ಲ.

ನಿನ್ನೆ ಮಧ್ಯಾಹ್ನ ಮೀಟಿಂಗಲ್ಲಿದ್ದಾಗ ಅಪ್ಪನ ಫೋನ್ ಬಂತು. ಈ ತಿಂಗಳ ಇಂಜೆಕ್ಷನ್ನಿಗೆ ನನಗೆ ರಜೆ ಸಿಗದೆ ಅವರಿಬ್ಬರೇ ಹೋಗಿದ್ರು. ಹೊಸ ಸದ್ದೇನಾದ್ರೂ ಬಂತೇನೋ ಅಂತ ಗಾಬರಿಯಾಗಿ ಮೀಟಿಂಗ್ ಬಿಟ್ಟು ಹೊರಗೆ ಬಂದು ಎತ್ತಿದೆ.

"ಸೋಮೇಶ್ವರದಲ್ಲಿದ್ದೀವಿ. ಹದಿನಾಲ್ಕೂ ಆಯ್ತು. ಎಂತದೂ ಸದ್ದಿಲ್ಲ" ಅಂದ್ರು ಅಪ್ಪ.

ಹಿಂದಿಂದ ಅಮ್ಮ, "ಎರಡು ಕಡೆ ನಿಲ್ಲಿಸಿದ್ರು ಅಂತ ಹೇಳಿ ಅವನಿಗೆ" ಅಂತಿದ್ಲು.